ಆರ್ಥಿಕತೆ ಸೊರಗಿದಾಗ ಉದ್ಯೋಗದಾತರ ಹಿಂಜರಿಕೆಯನ್ನು ಅರಿತು ಕೆಲಸ ಹುಡುಕುವ ಬಗೆ

ಆರ್ಥಿಕತೆ ಸೊರಗಿದ ಕಾಲದಲ್ಲಿ ಕೆಲಸ ಹುಡುಕುವವರು, ಕಳುಹಿಸಿದ ಅರ್ಜಿಗಳಿಗೆ ಉತ್ತರವೇ ಬಾರದಿದ್ದಾಗ, ಮೊದಲು ಸಂದೇಹಪಡುವುದು ತಮ್ಮ ಯೋಗ್ಯತೆಯನ್ನೇ. ಈ ಸಂದೇಹಕ್ಕೆ ಬಹುಮಟ್ಟಿಗೆ ಆಧಾರವಿರುವುದಿಲ್ಲ. ಉದ್ಯೋಗದಾತರು ಹಾಕುತ್ತಿರುವ ಲೆಕ್ಕ ಬೇರೆ: ಇಂದು ಒಬ್ಬರನ್ನು ನೇಮಿಸಿಕೊಂಡು, ಆರು ತಿಂಗಳ ನಂತರ ಅವರಿಗೆ ಕೊಡಲು ಕೆಲಸವೇ ಇಲ್ಲದಂತಾದರೆ ಆ ತಪ್ಪಿಗೆ ತೆರಬೇಕಾದ ಬೆಲೆ ಎಷ್ಟು ಎಂಬುದೇ ಆ ಲೆಕ್ಕ. ಎಲ್ಲಿ ಅರ್ಜಿ ಹಾಕಬೇಕು, ಅದರಲ್ಲಿ ಏನು ಬರೆಯಬೇಕು, ಸಂದರ್ಶನದಲ್ಲಿ ಏನನ್ನು ಕೇಳಬೇಕು ಎಂಬುದನ್ನೆಲ್ಲ ಈ ಲೆಕ್ಕವನ್ನು ಅರಿತ ಮೇಲೆ ನಿರ್ಧರಿಸಿದರೆ ಹುಡುಕಾಟದ ಶ್ರಮ ವ್ಯರ್ಥವಾಗುವುದು ಕಡಿಮೆಯಾಗುತ್ತದೆ.

ಹಾಗಾಗಿ ಮೊದಲು ಲೆಕ್ಕವನ್ನೇ ನೋಡೋಣ. ಹೊಸಬರೊಬ್ಬರನ್ನು ಸೇರಿಸಿಕೊಳ್ಳುವ ಖರ್ಚು ಸಂಬಳಕ್ಕೆ ಮುಗಿಯುವುದಿಲ್ಲ. ಅರ್ಜಿಗಳನ್ನು ಸೋಸಲು ಮತ್ತು ಸಂದರ್ಶನ ನಡೆಸಲು ಹಿರಿಯ ನೌಕರರ ಸಮಯ ಹೋಗುತ್ತದೆ. ತರಬೇತಿಗೆ ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. ಹೊಸಬರು ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡಲು ಶಕ್ತರಾಗುವವರೆಗೆ ಅವರ ಸುತ್ತಲಿನವರ ಕೆಲಸವೂ ನಿಧಾನವಾಗುತ್ತದೆ. ಹೀಗೆ ನೇಮಕ ಮತ್ತು ತರಬೇತಿಗೆ ಒಮ್ಮೆ ಹಾಕಿದ ಹಣ ಮರಳಿ ಬಾರದ ಕಾರಣ ದುಡಿಮೆಯನ್ನು ಅರೆಸ್ಥಿರ ವೆಚ್ಚವೆಂದು, ಅಂದರೆ ಕೆಲಸ ಕಡಿಮೆಯಾದಾಗಲೂ ಪೂರ್ತಿಯಾಗಿ ಇಳಿಸಲಾಗದ ವೆಚ್ಚವೆಂದು ಕಾಣಬೇಕು ಎಂದು ಅರ್ಥಶಾಸ್ತ್ರಜ್ಞ ವಾಲ್ಟರ್ ಓಯ್ 1962ರಲ್ಲಿಯೇ ವಾದಿಸಿದ್ದರು. ಕೆಲಸದಿಂದ ತೆಗೆಯಬೇಕಾಗಿ ಬಂದರೆ ನೋಟಿಸ್ ಅವಧಿಯ ಸಂಬಳ ಮತ್ತು ಪರಿಹಾರದ ಮೊತ್ತ ಸೇರಿಕೊಳ್ಳುತ್ತವೆ. ಉಳಿದ ನೌಕರರ ಮನಸ್ಸಿನಲ್ಲಿ ಹುಟ್ಟುವ ಆತಂಕಕ್ಕೂ ಒಂದು ಬೆಲೆಯಿದೆ, ಅದು ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸದಿದ್ದರೂ ಸಹ.

ಹಿಂತೆಗೆದುಕೊಳ್ಳಲಾಗದ ಇಂತಹ ನಿರ್ಧಾರದ ಎದುರು ಅನಿಶ್ಚಿತತೆ ಬಂದು ನಿಂತಾಗ ಕಾಯುವುದಕ್ಕೇ ಒಂದು ಮೌಲ್ಯ ಬರುತ್ತದೆ. ಅರ್ಥಶಾಸ್ತ್ರಜ್ಞ ಬೆನ್ ಬರ್ನಾಂಕೆ 1983ರಲ್ಲಿ ಬಂಡವಾಳ ಹೂಡಿಕೆಯ ಬಗ್ಗೆ ಮಂಡಿಸಿದ ಈ ತರ್ಕ ನೇಮಕಾತಿಗೂ ಚೆನ್ನಾಗಿ ಒಪ್ಪುತ್ತದೆ. ಮುಂದಿನ ವರ್ಷ ಬೇಡಿಕೆ ಹೆಚ್ಚಬಹುದು ಅಥವಾ ಇನ್ನಷ್ಟು ಕುಸಿಯಬಹುದು ಎಂಬ ಸ್ಥಿತಿಯಲ್ಲಿ, ಮೂರು ತಿಂಗಳು ತಡೆದರೆ ಯಾವುದು ನಿಜವೆಂದು ತಿಳಿಯುತ್ತದೆ. ತಡೆದದ್ದರಿಂದ ಕೈತಪ್ಪುವುದು ಮೂರು ತಿಂಗಳ ಒಂದಿಷ್ಟು ಲಾಭ ಮಾತ್ರ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಭವಿಷ್ಯ ಕೆಟ್ಟದಾಗಿಯೇ ಇರುತ್ತದೆ ಎಂದು ಉದ್ಯೋಗದಾತರು ನಂಬಿರಬೇಕಾಗಿಲ್ಲ, ಅದು ಯಾವ ಕಡೆಗೆ ವಾಲುತ್ತದೆ ಎಂದು ತಿಳಿಯದಿದ್ದರೂ ಸಾಕು. ಹುದ್ದೆ ಖಾಲಿ ಇದೆ, ಅರ್ಹ ಅಭ್ಯರ್ಥಿಯೂ ಸಿಕ್ಕಿದ್ದಾರೆ, ಆದರೂ ಆದೇಶ ಹೊರಡುವುದಿಲ್ಲ ಎಂಬ ವಿಚಿತ್ರ ಪರಿಸ್ಥಿತಿಗೆ ಕಾರಣ ಹೆಚ್ಚಾಗಿ ಇದೇ. ಸಾಲ ಸುಲಭವಾಗಿ ಸಿಗದ ಸಣ್ಣ ಸಂಸ್ಥೆಗಳಲ್ಲಿ ಇದರ ಜೊತೆಗೆ ಮುಂದಿನ ತಿಂಗಳ ಸಂಬಳಕ್ಕೆ ನಗದು ಹೊಂದಿಸುವ ಚಿಂತೆಯೂ ಇರುತ್ತದೆ.

ಇನ್ನೊಂದು ಕಾರಣ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕಷ್ಟಕಾಲದಲ್ಲಿಯೂ ಅನುಭವಿಗಳನ್ನು ಬಿಡಲು ಮನಸ್ಸಿಲ್ಲದ ಸಂಸ್ಥೆಗಳು ಅವರನ್ನು ಕಡಿಮೆ ಕೆಲಸದೊಂದಿಗೆ ಉಳಿಸಿಕೊಂಡಿರುತ್ತವೆ. 2009ರಲ್ಲಿ ಜರ್ಮನಿಯ ಉತ್ಪಾದನೆ ಶೇಕಡಾ 5ಕ್ಕಿಂತ ಹೆಚ್ಚು ಕುಸಿದರೂ ಅಲ್ಲಿ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಕೆಲಸದ ಅವಧಿಯನ್ನು ತಗ್ಗಿಸಿ, ಕಡಿತವಾದ ಸಂಬಳದ ಒಂದು ಭಾಗವನ್ನು ಸರ್ಕಾರದ ವ್ಯವಸ್ಥೆಯ ಮೂಲಕ ತುಂಬಿಕೊಡುವ ಯೋಜನೆಯಡಿ ಸುಮಾರು 15 ಲಕ್ಷ ಮಂದಿ ಒಂದು ಹಂತದಲ್ಲಿ ಇದ್ದರು. ಅದು ಮಾನವೀಯವೂ ವಿವೇಕದ್ದೂ ಆದ ಕ್ರಮವೆಂದೇ ನಾನು ಭಾವಿಸುತ್ತೇನೆ. ಆದರೆ ಬೇಡಿಕೆ ಮರಳಿದಾಗ ಇಂತಹ ಸಂಸ್ಥೆ ಮೊದಲು ಒಳಗಿರುವವರ ಗಂಟೆಗಳನ್ನೇ ಹೆಚ್ಚಿಸುತ್ತದೆ, ಆಮೇಲೆ ಓವರ್‌ಟೈಮ್ ಕೊಡುತ್ತದೆ, ಅನಂತರ ತಾತ್ಕಾಲಿಕ ನೌಕರರನ್ನು ಕರೆಯುತ್ತದೆ. ಕಾಯಂ ನೇಮಕಾತಿಯ ಸರದಿ ಬರುವುದು ಎಲ್ಲಕ್ಕೂ ಕೊನೆಯಲ್ಲಿ. ಅಮೆರಿಕದಲ್ಲಿ 2007ರ ಕೊನೆಯಲ್ಲಿ ಶುರುವಾದ ‘ಮಹಾ ಹಿಂಜರಿತ’ ಎಂಬ ಆರ್ಥಿಕ ಕುಸಿತ ಅಧಿಕೃತವಾಗಿ 2009ರ ಜೂನ್‌ನಲ್ಲಿ ಕೊನೆಗೊಂಡಿತಾದರೂ ನಿರುದ್ಯೋಗ ಶೇಕಡಾ 10ಕ್ಕೆ ಮುಟ್ಟಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಈ ಸರದಿಯನ್ನೇ ಹುಡುಕಾಟದ ದಿಕ್ಸೂಚಿಯನ್ನಾಗಿ ಮಾಡಿಕೊಳ್ಳಿ. ನಿಮ್ಮ ಕ್ಷೇತ್ರದ ಸಂಸ್ಥೆಯೊಂದರಲ್ಲಿ ನೌಕರರು ಸತತವಾಗಿ ಹೆಚ್ಚುವರಿ ಗಂಟೆ ದುಡಿಯುತ್ತಿದ್ದಾರೆ ಅಥವಾ ಗುತ್ತಿಗೆಯವರ ಸಂಖ್ಯೆ ಏರುತ್ತಿದೆ ಎಂದು ತಿಳಿದುಬಂದರೆ, ಜಾಹೀರಾತಿಗಾಗಿ ಕಾಯದೆ ಆಗಲೇ ಅಲ್ಲಿನವರನ್ನು ಸಂಪರ್ಕಿಸಿ. ಹಾಗೆಯೇ, ಹೊಸದಾಗಿ ಸೃಷ್ಟಿಯಾದ ಹುದ್ದೆಗಿಂತ ಯಾರೋ ಬಿಟ್ಟುಹೋದದ್ದರಿಂದ ತೆರವಾದ ಹುದ್ದೆಗೆ ಆದ್ಯತೆ ಕೊಡಿ. ತೆರವಾದ ಹುದ್ದೆಯ ಕೆಲಸ ಈಗಾಗಲೇ ಇದೆ, ಅದು ನಿಂತರೆ ನಷ್ಟವೂ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಕಾಯುವುದಕ್ಕೆ ಮೌಲ್ಯ ಕಡಿಮೆ. 2009ರ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಪ್ರತಿಯೊಂದು ಖಾಲಿ ಹುದ್ದೆಗೆ ಆರಕ್ಕೂ ಹೆಚ್ಚು ನಿರುದ್ಯೋಗಿಗಳಿದ್ದರು. ಆಗಲೂ ತಿಂಗಳೊಂದಕ್ಕೆ 30 ಲಕ್ಷಕ್ಕೂ ಹೆಚ್ಚು ನೇಮಕಗಳು ನಡೆಯುತ್ತಲೇ ಇದ್ದವು. ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ ಎಂಬುದನ್ನು ಎದೆಗುಂದಿದವರಿಗೆ ನಾನು ಮತ್ತೆ ಮತ್ತೆ ಹೇಳಬಯಸುತ್ತೇನೆ.

ಅರ್ಜಿಯನ್ನು ಬರೆಯುವಾಗ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಓದಿದವರಿಗೆ ನನ್ನ ಬಗೆಗಿನ ಯಾವ ಅನುಮಾನ ಕಡಿಮೆಯಾಯಿತು? ‘ಪರಿಶ್ರಮಿ’, ‘ಬೇಗ ಕಲಿಯುವವರು’ ಎಂಬ ವಿಶೇಷಣಗಳಿಂದ ಯಾವ ಅನುಮಾನವೂ ಕರಗುವುದಿಲ್ಲ. ಸಂಸ್ಥೆ ಬಳಸುವ ತಂತ್ರಾಂಶದಲ್ಲಿಯೇ ಅಥವಾ ಯಂತ್ರದಲ್ಲಿಯೇ ನೀವು ಹಿಂದೆ ಕೆಲಸ ಮಾಡಿದ್ದರೆ, ತರಬೇತಿಯ ಖರ್ಚು ಉಳಿಯುತ್ತದೆ ಎಂಬ ಅರ್ಥ ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ. ಆದ್ದರಿಂದ ಅದನ್ನು ಮೊದಲ ಸಾಲುಗಳಲ್ಲಿಯೇ ಬರೆಯಿರಿ. ನಿಮ್ಮ ಕೆಲಸದಿಂದ ಹಳೆಯ ಸಂಸ್ಥೆಗೆ ಉಳಿತಾಯವಾದದ್ದು, ಬಾಕಿ ವಸೂಲಾದದ್ದು, ಗ್ರಾಹಕರು ಬಿಟ್ಟುಹೋಗದೆ ನಿಂತದ್ದು ಇದ್ದರೆ ಅಂಕಿಗಳೊಂದಿಗೆ ತಿಳಿಸಿ. ಆರ್ಥಿಕತೆ ಸೊರಗಿದಾಗ ಬೆಳವಣಿಗೆಯ ಮಾತಿಗಿಂತ ಇಂತಹ ಮಾತಿಗೆ ಕಿವಿಗೊಡುವವರು ಹೆಚ್ಚು. ನಿಮ್ಮ ಜೊತೆ ದುಡಿದವರೊಬ್ಬರು ಆ ಸಂಸ್ಥೆಯಲ್ಲಿದ್ದರೆ ಅವರ ಮೂಲಕ ಪರಿಚಯವಾಗುವುದು ಎಲ್ಲಕ್ಕಿಂತ ಬಲವಾದ ಸಾಕ್ಷ್ಯ, ಏಕೆಂದರೆ ಅವರು ತಮ್ಮ ಹೆಸರನ್ನು ಪಣಕ್ಕಿಟ್ಟು ಮಾತನಾಡುತ್ತಾರೆ.

ಸಂಬಳವನ್ನು ತೀರ ಇಳಿಸಿ ಕೇಳಿದರೆ ಕೆಲಸ ಸಿಗುತ್ತದೆ ಎಂಬ ಎಣಿಕೆ ಸಹಜವಾದರೂ ಅದು ಅಷ್ಟಾಗಿ ಫಲಿಸುವುದಿಲ್ಲ. 1990ರ ದಶಕದ ಆರಂಭದ ಹಿಂಜರಿತದ ವೇಳೆ ಅರ್ಥಶಾಸ್ತ್ರಜ್ಞ ಟ್ರೂಮನ್ ಬ್ಯೂಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಉದ್ಯಮಿಗಳು, ಕಾರ್ಮಿಕ ನಾಯಕರು ಮುಂತಾದ 300ಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿದ್ದರು. ಸಂಬಳ ಇಳಿಸಿದರೆ ನೌಕರರ ಉತ್ಸಾಹ ಕುಂದುತ್ತದೆ ಎಂಬ ಭಯ ಅವರ ಉತ್ತರಗಳಲ್ಲಿ ಎದ್ದು ಕಂಡಿತು. ಅಗತ್ಯಕ್ಕಿಂತ ಹೆಚ್ಚು ಅರ್ಹತೆಯುಳ್ಳವರು ಒಳ್ಳೆಯ ಅವಕಾಶ ಸಿಕ್ಕೊಡನೆ ಬಿಟ್ಟುಹೋಗುತ್ತಾರೆ ಎಂಬ ಕಾರಣಕ್ಕೆ ಅವರನ್ನು ದೂರವಿಡುವ ಪ್ರವೃತ್ತಿಯೂ ಕಂಡುಬಂತು. ಆದ್ದರಿಂದ ಕೆಳಗಿನ ಹುದ್ದೆಗೆ ಅರ್ಜಿ ಹಾಕುವಾಗ, ಅದರಲ್ಲಿ ಏಕೆ ಉಳಿಯಲು ಬಯಸುತ್ತೀರಿ ಎಂಬುದನ್ನು ಅವರು ಕೇಳುವ ಮೊದಲೇ ಪ್ರಾಮಾಣಿಕವಾಗಿ ವಿವರಿಸಿ.

ಇದಕ್ಕಿಂತ ಉತ್ತಮ ದಾರಿ, ಉದ್ಯೋಗದಾತರು ಎದುರಿಸುವ ಅಪಾಯವನ್ನು ಸಣ್ಣದಾಗಿಸುವುದು. ನಿರ್ದಿಷ್ಟ ಕೆಲಸಕ್ಕೆ ಮೂರು ತಿಂಗಳ ಒಪ್ಪಂದ ಅಥವಾ ವಾರಕ್ಕೆ ಕೆಲವೇ ದಿನಗಳ ಅರೆಕಾಲಿಕ ದುಡಿಮೆಗೆ ನೀವೇ ಪ್ರಸ್ತಾಪ ಮುಂದಿಡಬಹುದು. ಆದರೆ ಕೊನೆಯ ದಿನಾಂಕ, ಸಂಬಳ, ಯಾವ ಫಲಿತಾಂಶ ಬಂದರೆ ಕಾಯಂ ಮಾಡುವ ವಿಚಾರ ಎತ್ತಿಕೊಳ್ಳಲಾಗುತ್ತದೆ ಎಂಬ ಮೂರೂ ಲಿಖಿತದಲ್ಲಿರಬೇಕು. ಸಂಬಳವಿಲ್ಲದೆ ದುಡಿದು ತೋರಿಸಿ ಎನ್ನುವವರಿಗೆ ಒಪ್ಪಬೇಡಿ. ಹಾಗೆ ಕೇಳುವವರು ತಮ್ಮ ಅಪಾಯವನ್ನು ಪೂರ್ತಿಯಾಗಿ ನಿಮ್ಮ ಹೆಗಲಿಗೆ ಹೊರಿಸುತ್ತಿದ್ದಾರೆ, ಅದು ನ್ಯಾಯವಲ್ಲ.

ಬಹುಕಾಲ ಕೆಲಸವಿಲ್ಲದೆ ಇದ್ದವರಿಗೆ ಒಂದು ವಿಷಯ ತಿಳಿದಿರಲಿ. ಅಮೆರಿಕದ 100 ನಗರಗಳಲ್ಲಿ ಸುಮಾರು 12,000 ಕಾಲ್ಪನಿಕ ಬಯೋಡೇಟಾಗಳನ್ನು ಕಳುಹಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಿರುದ್ಯೋಗದ ಅವಧಿ ಉದ್ದವಾದಂತೆ ಸಂದರ್ಶನದ ಕರೆಗಳು ಕಡಿಮೆಯಾಗುವುದನ್ನು ದಾಖಲಿಸಿತು. ಆದರೆ ಉದ್ಯೋಗ ಮಾರುಕಟ್ಟೆ ದುರ್ಬಲವಾಗಿದ್ದ ನಗರಗಳಲ್ಲಿ ಈ ಪರಿಣಾಮ ಅಷ್ಟು ತೀವ್ರವಾಗಿರಲಿಲ್ಲ. ಎಲ್ಲರಿಗೂ ಕೆಲಸ ಸಿಗದಿರುವಾಗ ಒಬ್ಬರ ಖಾಲಿ ಅವಧಿಯನ್ನು ಅವರ ದೋಷವೆಂದು ಓದುವವರು ಕಡಿಮೆ ಎಂಬುದೇ ಇದರ ಅರ್ಥ. ಆ ಅವಧಿಯನ್ನು ಮರೆಮಾಚದೆ, ಒಂದೇ ವಾಕ್ಯದಲ್ಲಿ ಕಾರಣ ಹೇಳಿ, ಆಗ ಕಲಿತದ್ದನ್ನು ಅಥವಾ ಮಾಡಿದ ಸಣ್ಣಪುಟ್ಟ ಕೆಲಸವನ್ನು ಅದರ ಪಕ್ಕದಲ್ಲಿ ಬರೆದರೆ ಸಾಕು.

ಸಂದರ್ಶನದ ಕೊನೆಯಲ್ಲಿ ಈ ಹುದ್ದೆಗೆ ಬಜೆಟ್ ಮಂಜೂರಾಗಿದೆಯೇ, ಅಂತಿಮ ಒಪ್ಪಿಗೆ ಯಾರದು, ನಿರ್ಧಾರ ಯಾವ ತಿಂಗಳಲ್ಲಿ ನಿರೀಕ್ಷಿತ ಎಂದು ವಿನಯದಿಂದ ಕೇಳಿ ತಿಳಿದುಕೊಳ್ಳಿ. ನೇಮಕಾತಿಯನ್ನು ತಾತ್ಕಾಲಿಕವಾಗಿ ತಡೆಹಿಡಿದಿದ್ದೇವೆ ಎಂಬ ಉತ್ತರ ಬಂದರೆ, ಆ ದಿನಾಂಕವನ್ನೂ ಮಾತನಾಡಿದವರ ಹೆಸರನ್ನೂ ಬರೆದಿಟ್ಟುಕೊಂಡು, ಹೊಸ ಬಜೆಟ್ ಬರುವ ಹೊತ್ತಿಗೆ ಒಂದು ಚಿಕ್ಕ ಪತ್ರ ಕಳುಹಿಸಿ. ಅಲ್ಲಿಯವರೆಗೆ ಉಳಿದ ಸಂಸ್ಥೆಗಳಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.