ಹಳೆಯ ಕಾರ್ ಸ್ಟೀರಿಯೊ ಮಾರುವ ಮೊದಲು ಹಿಂಬದಿ ನೋಡಿ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಹಳೆಯ ಸ್ಟೀರಿಯೊ ಕೊಳ್ಳುವವರಲ್ಲಿ ತಿಳಿದವರು ಮೊದಲು ಸೆಟ್ಟನ್ನು ತಿರುಗಿಸಿ ಹಿಂಬದಿ ನೋಡುತ್ತಾರೆ. ಉಪ್ಪುಗಾಳಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಹತ್ತಿದ್ದರೆ ಮುಂದಿನ ಮಾತೆಲ್ಲ ಗುಜರಿ ಬೆಲೆಯಲ್ಲೇ ನಡೆಯುತ್ತದೆ. ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟವಿಲ್ಲ. ಆದರೆ ಮಳೆಗಾಲದ ಥಂಡಿಗೆ ಸಿಡಿ ಲೆನ್ಸಿನ ಮೇಲೆ ಬೂಸ್ಟು ಬರುತ್ತದೆ. ಹಾಗಾಗಿ ಜಾಹೀರಾತು ಕೊನೆಯ ಕೆಲಸ. ಸೆಟ್ಟನ್ನು ಸರಿಯಾಗಿ ಬಿಚ್ಚಿ, ಒರೆಸಿ, ಹಾಡಿಸಿ ತೋರಿಸುವಂತೆ ಮಾಡಿಕೊಂಡರೆ ಬೆಲೆ ತಾನಾಗಿ ನಿಲ್ಲುತ್ತದೆ.

ಕಾರಿನಲ್ಲಿರುವಾಗಲೇ ಮಾಡುವುದು

ಕಂಪನಿಯೇ ಕೂರಿಸಿದ ಸೆಟ್ ಆದರೆ ಬ್ಯಾಟರಿಗೆ ಕೈ ಹಾಕುವ ಮೊದಲು ಸೆಕ್ಯುರಿಟಿ ಕೋಡ್ ಹುಡುಕಿಟ್ಟುಕೊಳ್ಳಿ. ಕೆಲವು ಸೆಟ್‌ಗಳು ಒಮ್ಮೆ ಕರೆಂಟ್ ತಪ್ಪಿದರೆ ಕೋಡ್ ಕೇಳುತ್ತವೆ, ಕೊಡದಿದ್ದರೆ ಬಾಯಿ ಬಿಡುವುದಿಲ್ಲ. ಕೋಡ್ ಸಾಮಾನ್ಯವಾಗಿ ಕಾರಿನ ಕೈಪಿಡಿಯ ಜೊತೆಗಿನ ಕಾರ್ಡಿನಲ್ಲಿರುತ್ತದೆ.

ಆಮೇಲೆ ಬ್ಯಾಲೆನ್ಸ್ (ಎಡ-ಬಲ), ಫೇಡರ್ (ಮುಂದೆ-ಹಿಂದೆ) ತಿರುಗಿಸುತ್ತ ನಾಲ್ಕೂ ಸ್ಪೀಕರ್ ಒಂದೊಂದಾಗಿ ಕೇಳಿ. ರೇಡಿಯೊ, ಬ್ಲೂಟೂತ್, ಯುಎಸ್‌ಬಿ ನಡೆಸಿ. ಟಚ್ ಪರದೆ ಇದ್ದರೆ ನಾಲ್ಕು ಮೂಲೆಯನ್ನೂ ಒತ್ತಿ. ಇದನ್ನೆಲ್ಲ ಒಂದು ನಿಮಿಷದ ವಿಡಿಯೊ ಮಾಡಿ. ಬಿಚ್ಚಿದ ಮೇಲೆ ಎಷ್ಟು ಫೋಟೊ ತೆಗೆದರೂ ಈ ವಿಡಿಯೊದಷ್ಟು ನಂಬಿಕೆ ಹುಟ್ಟುವುದಿಲ್ಲ. ಕೊನೆಗೆ ಫ್ಯಾಕ್ಟರಿ ರೀಸೆಟ್ ಕೊಡಿ. ಮನೆಯವರ ಫೋನ್ ನಂಬರುಗಳೂ ನಕ್ಷೆಯಲ್ಲಿ ಗುರುತು ಹಾಕಿದ ಮನೆಯ ವಿಳಾಸವೂ ಅದರೊಳಗೆ ಕುಳಿತಿರುತ್ತವೆ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ; ಹೆಚ್ಚಿನ ಕಾರುಗಳಲ್ಲಿ 10 ಮಿ.ಮೀ. ಸ್ಪ್ಯಾನರ್ ಸಾಕು. ಚಾವಿ ತೆಗೆದರೂ ಸೆಟ್ಟಿನ ಹಳದಿ ವಾಯರಿನಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಅದು ಕಾರಿನ ಲೋಹದ ಮೈಗೆ ತಾಗಿದರೆ ಫ್ಯೂಸ್ ಹಾರುತ್ತದೆ. ಸಿಂಗಲ್ ಡಿನ್ ಸೆಟ್ಟಿನ ಮುಖ 180×50 ಮಿ.ಮೀ., ಡಬಲ್ ಡಿನ್ 180×100. ಸಿಂಗಲ್ ಡಿನ್ ಬಹುತೇಕ ಎರಡೂ ಬದಿಗೆ ತೂರಿಸುವ ಲೋಹದ ಪಟ್ಟಿಗಳಿಂದ ಬಿಡುತ್ತದೆ. ಡಬಲ್ ಡಿನ್‌ನ ಸ್ಕ್ರೂಗಳು ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಅಡಗಿರುತ್ತವೆ. ಆ ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಗಾಯ ಉಳಿಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಳಸಿ.

ವಾಯರ್ ಮಾತ್ರ ಕತ್ತರಿಸಲೇಬೇಡಿ. ವಾಯರುಗಳನ್ನು ಸೆಟ್ಟಿಗೆ ಸೇರಿಸುವ ಪ್ಲಗ್ಗಿನ, ಅಂದರೆ ಕಪ್ಲರಿನ, ಲಾಕ್ ಒತ್ತಿ ಎಳೆದರೆ ಬರುತ್ತದೆ. ಕಪ್ಲರ್ ಸಮೇತ ಇರುವ ಸೆಟ್ಟಿಗೂ ಬೋಳು ಸೆಟ್ಟಿಗೂ ಬೆಲೆಯಲ್ಲಿ ಬಹಳ ಅಂತರ, ಏಕೆಂದರೆ ಅದೇ ಮಾದರಿಯ ಕಪ್ಲರ್ ಬಿಡಿಯಾಗಿ ಸಿಗುವುದು ಕಷ್ಟ. ಹೊರಚೌಕಟ್ಟು, ರಿಮೋಟ್, ಮೈಕ್, ಜಿಪಿಎಸ್ ಆಂಟೆನಾ ಎಲ್ಲವನ್ನೂ ಒಂದೇ ಚೀಲದಲ್ಲಿಡಿ.

ಕಿಲುಬು, ಪರೀಕ್ಷೆ

ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಮರಳು ಕಾಗದ ಬೇಡ: ಲೇಪ ಕಿತ್ತುಹೋಗಿ ಒಳಗಿನ ಲೋಹ ಮುಂದಿನ ಮಳೆಗಾಲದೊಳಗೆ ಮತ್ತೆ ಕಿಲುಬುಗಟ್ಟುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ಕೊಳ್ಳುವವರ ಎದುರು ಹಾಡಿಸಲು ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ, 10 ಆಂಪ್ ಫ್ಯೂಸ್, 4 ಓಮ್‌ನ ಒಂದು ಸ್ಪೀಕರ್ ಸಾಕು. ಕಾರಿನ ಕಂಪನಿಯದಲ್ಲದ, ಹೊರಗೆ ಕೊಂಡು ಹಾಕಿಸಿದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ, ಕೆಂಪು ಎರಡನ್ನೂ ಸೇರಿಸಿ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕೊಡಬೇಕು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರಿನವು; ಕಪ್ಪು ಗೆರೆ ಇರುವುದು ಆ ಜೋಡಿಯ ಮೈನಸ್. ಅದನ್ನು ಅರ್ಥಿಂಗ್‌ಗೆ ಸೇರಿಸಿದರೆ ಒಳಗಿನ ಆಂಪ್ಲಿಫೈಯರ್ ಐಸಿ ಸುಡಬಹುದು. ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಹಾಕಿದರೆ ಸೆಟ್ ಆನ್ ಆದರೂ ವಾಲ್ಯೂಮ್ ಏರಿಸಿದ ಕೂಡಲೇ ಆಫ್ ಆಗುತ್ತದೆ. ಅಡಾಪ್ಟರಿಗೆ ಅಷ್ಟು ಆಂಪ್ ಇಲ್ಲ, ಅಷ್ಟೇ. ಕೊಳ್ಳುವವರು ಅದನ್ನೇ ಸೆಟ್ಟಿನ ದೋಷ ಅಂದುಕೊಳ್ಳುತ್ತಾರೆ.

ಇಂಥದೇ ಇನ್ನೊಂದು: ಚಾವಿ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ನು ಅಳಿಸಿಹೋಗುತ್ತಿದ್ದರೆ ಸೆಟ್ ಕೆಟ್ಟಿದೆ ಎಂದು ಅಗ್ಗಕ್ಕೆ ಕೊಡಬೇಡಿ. ಹೆಚ್ಚಾಗಿ ಅದು ಕಾರಿನಲ್ಲಿ ಹಳದಿ, ಕೆಂಪು ಅದಲುಬದಲಾಗಿರುವುದು.

ಸ್ಪೀಕರ್ ಬೇರೆ ಮಾರುವುದಾದರೆ ಮಲ್ಟಿಮೀಟರ್ ಹಿಡಿಯಿರಿ. 4 ಓಮ್‌ನದು ಸುಮಾರು 3.2ರಿಂದ 3.8 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ.

ಫೋನ್, ಲ್ಯಾಪ್‌ಟಾಪ್

ಸ್ಟೀರಿಯೊ ಜೊತೆ ಹಳೆಯ ಫೋನನ್ನೂ ಮಾರುವುದಾದರೆ ಅದರಲ್ಲಿನ ಗೂಗಲ್ ಖಾತೆಯನ್ನು ಮೊದಲು ತೆಗೆದು ಆಮೇಲೆ ರೀಸೆಟ್ ಮಾಡಿ. ಕ್ರಮ ತಪ್ಪಿದರೆ ಕೊಂಡವರ ಕೈಯಲ್ಲಿ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತ ಕೂರಬಹುದು. *#06# ಒತ್ತಿ ಬರುವ ಐಎಂಇಐ ನಂಬರನ್ನು (ಫೋನಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಬ್ಯಾಟರಿ ಉಬ್ಬಿದ ಫೋನ್, ಲ್ಯಾಪ್‌ಟಾಪ್ ಮಾರಲೂಬಾರದು, ಪಾರ್ಸಲ್ ಕಳಿಸಲೂಬಾರದು; ಒತ್ತು ಬಿದ್ದರೆ ಬೆಂಕಿ ಹೊತ್ತಬಹುದು.

ಬೆಲೆ, ಹೊತ್ತು, ಹಣ

ನೀವು ಕೊಟ್ಟ ಬಿಲ್ಲಿನ ಬೆಲೆಯಿಂದ ಲೆಕ್ಕ ಶುರುಮಾಡಬೇಡಿ. ಅಷ್ಟೇ ಸೌಲಭ್ಯದ ಹೊಸ ಸೆಟ್ ಈಗ ಎಷ್ಟಕ್ಕೆ ಸಿಗುತ್ತದೆ ನೋಡಿ, ಅದರ ಅರ್ಧದಿಂದ ಇಳಿಯುತ್ತ ಬನ್ನಿ. ಸೆಟ್ಟಿನ ಮೇಲೆ 4×50 ವ್ಯಾಟ್ ಎಂದು ಬರೆದಿರುವುದು ಗರಿಷ್ಠದ ಲೆಕ್ಕ. ನಿರಂತರ ಸಿಗುವುದು ಚಾನೆಲ್ಲಿಗೆ 20ರ ಆಸುಪಾಸು. ಜಾಹೀರಾತಿನಲ್ಲಿ 200 ವ್ಯಾಟ್ ಎಂದು ಬರೆದರೆ ತಿಳಿದವರು ಬೇರೆ ಮಾತನ್ನೂ ನಂಬುವುದಿಲ್ಲ. ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧ, ಕರಾವಳಿಯಲ್ಲಿ ಕೈಯಲ್ಲಿ ಹಣ ಓಡುವುದಿಲ್ಲ. ಸಾಧ್ಯವಾದರೆ ಚೌತಿಯವರೆಗೆ ಕಾಯಿರಿ.

ಸೇನೆಯಲ್ಲಿದ್ದೇನೆ, ನೋಡಲು ಬರಲಾಗದು, ಮುಂಗಡ ಕಳಿಸುತ್ತೇನೆ ಎಂಬ ಕರೆ ಬಂದರೆ ಎಚ್ಚರ. ನೌಕಾನೆಲೆ ಇರುವ ಕಾರವಾರದಲ್ಲಿ ಆ ಮಾತು ಬೇಗ ನಂಬಿಕೆ ಹುಟ್ಟಿಸುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಕೇಳಿದರೆ ಅಲ್ಲೇ ಫೋನಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊಡುವಾಗ ಒಂದು ಚೀಟಿ ಬರೆಯಿರಿ: ತಾರೀಕು, ಮಾದರಿ, ಸೀರಿಯಲ್ ನಂಬರ್, ಮೊತ್ತ, ಇಬ್ಬರ ಸಹಿ. ಹಳೆಯ ಬಿಲ್ಲಿದ್ದರೆ ಜೊತೆಗೆ ಕೊಟ್ಟು ಅದರ ಫೋಟೊ ನೀವಿಟ್ಟುಕೊಳ್ಳಿ. ಕದ್ದ ಮಾಲೆಂಬ ಅನುಮಾನ ಮುಂದೆ ಬಂದರೆ ಇಬ್ಬರನ್ನೂ ಕಾಯುವುದು ಆ ಚೀಟಿಯೇ.