ಬಾಯಿಲೆಕ್ಕ: ದೊಡ್ಡ ಸ್ಥಾನದಿಂದ ಆರಂಭಿಸಿ

ಕಾಗದದ ಮೇಲೆ ಲೆಕ್ಕ ಮಾಡುವಾಗ ನಾವು ಬಿಡಿ ಸ್ಥಾನದಿಂದ ಆರಂಭಿಸಿ ಎಡಕ್ಕೆ ಸಾಗುತ್ತೇವೆ. ದಶಕವನ್ನು ಬರೆದಿಟ್ಟುಕೊಳ್ಳಲು ಅಲ್ಲಿ ಜಾಗವಿರುವುದರಿಂದ ಆ ಕ್ರಮ ಸರಿಯಾಗಿಯೇ ಇದೆ. ಅದನ್ನೇ ಮನಸ್ಸಿನಲ್ಲಿ ಮಾಡಹೊರಟರೆ ಮೂಲ ಸಂಖ್ಯೆಗಳು, ದಶಕ, ಆಗಲೇ ಸಿಕ್ಕ ಅಂಕಿಗಳು ಎಲ್ಲವನ್ನೂ ಒಟ್ಟಿಗೆ ನೆನಪಿಡಬೇಕಾಗುತ್ತದೆ. ಬಾಯಿಲೆಕ್ಕ ಕಷ್ಟವೆಂದು ಕೈಬಿಟ್ಟವರಲ್ಲಿ ಹೆಚ್ಚಿನವರನ್ನು ದಣಿಸಿದ್ದು ಈ ಹೊರೆಯೇ ಎಂಬುದು ನನ್ನ ನಂಬಿಕೆ.

ಬಾಲ್ಯದಲ್ಲಿಯೇ ಲೆಕ್ಕದ ಚಮತ್ಕಾರಕ್ಕೆ ಹೆಸರಾಗಿ, ಮುಂದೆ ಎಂಜಿನಿಯರ್ ಆದ ಇಂಗ್ಲೆಂಡಿನ ಜಾರ್ಜ್ ಪಾರ್ಕರ್ ಬಿಡರ್ 1856ರಲ್ಲಿ ತಮ್ಮ ವೃತ್ತಿಬಾಂಧವರ ಮುಂದೆ ಮಾಡಿದ ಉಪನ್ಯಾಸದಲ್ಲಿ ಈ ಹೊರೆಯನ್ನು ಇಳಿಸುವ ಬಗೆಯನ್ನು ಬಿಡಿಸಿ ಹೇಳಿದ್ದರು. ದೊಡ್ಡ ಸ್ಥಾನದಿಂದ ಗುಣಿಸುತ್ತ ಬರುವುದು, ಪ್ರತಿ ಹೆಜ್ಜೆಯಲ್ಲೂ ಅಲ್ಲಿಯವರೆಗಿನ ಮೊತ್ತವೊಂದನ್ನೇ ಉಳಿಸಿಕೊಂಡು ಹಿಂದಿನದನ್ನೆಲ್ಲ ಮರೆತುಬಿಡುವುದು ಅವರ ಕ್ರಮವಾಗಿತ್ತು. ಮುಂದಿನ ಹಂತಗಳೆಲ್ಲ ಈ ಒಂದು ಸೂತ್ರವನ್ನೇ ಆಧರಿಸಿವೆ.

ಮೊದಲು ಹತ್ತರವರೆಗಿನ ಮಗ್ಗಿ ತಡವರಿಸದೆ ಬರುವಂತಿರಬೇಕು. ಅದರ ಜೊತೆಗೆ ನೂರಕ್ಕೆ ಎಷ್ಟು ಕಡಿಮೆ ಎಂಬುದನ್ನು ಕಂಡೊಡನೆ ಹೇಳಲು ಕಲಿಯಿರಿ. ಹತ್ತರ ಸ್ಥಾನದ ಅಂಕಿಯನ್ನು 9ಕ್ಕೆ, ಬಿಡಿ ಸ್ಥಾನದ ಅಂಕಿಯನ್ನು 10ಕ್ಕೆ ಭರ್ತಿ ಮಾಡಿದರೆ ಸಾಕು: 37ಕ್ಕೆ 63.

ಎರಡನೆಯದು ಕೂಡುವುದು. 467ಕ್ಕೆ 385 ಕೂಡಬೇಕಾದಾಗ ಮೊದಲು 300 ಸೇರಿಸಿ 767 ಎನ್ನಿ, ನಂತರ 80 ಸೇರಿಸಿ 847, ಕೊನೆಗೆ 5 ಸೇರಿಸಿ 852. ಕನ್ನಡದಲ್ಲಿ ಸಂಖ್ಯೆಯನ್ನು ಹೇಳುವುದೇ ನೂರು, ಹತ್ತು, ಬಿಡಿ ಎಂಬ ಕ್ರಮದಲ್ಲಿ ಆದ್ದರಿಂದ ಈ ಅಭ್ಯಾಸ ನಮ್ಮ ನಾಲಿಗೆಗೆ ಸಹಜವಾಗಿ ಒಗ್ಗುತ್ತದೆ. ಕಳೆಯುವಾಗ ಮೇಲಕ್ಕೆ ಎಣಿಸಿಕೊಂಡು ಹೋಗುವುದು ಲೇಸು: 803ರಲ್ಲಿ 467 ಕಳೆಯಲು 467ರಿಂದ 500ಕ್ಕೆ 33, ಅಲ್ಲಿಂದ 803ಕ್ಕೆ 303, ಒಟ್ಟು 336.

ಗುಣಾಕಾರಕ್ಕೆ ಹೆಚ್ಚು ಸಮಯ ಕೊಡಬೇಕು. 34ನ್ನು 27ರಿಂದ ಗುಣಿಸುವಾಗ ಇಪ್ಪತ್ತರ ಪಾಲು 680, ಏಳರ ಪಾಲು 238, ಎರಡೂ ಸೇರಿ 918. ಒಂದು ಸಂಖ್ಯೆ ಪೂರ್ಣ ದಶಕದ ಸಮೀಪವಿದ್ದರೆ ಆ ದಶಕದಿಂದ ಗುಣಿಸಿ ಹೆಚ್ಚಾದುದನ್ನು ಕಳೆಯಿರಿ: 68ನ್ನು 47ರಿಂದ ಗುಣಿಸಲು 50ರ ಗುಣಲಬ್ಧ 3400ರಲ್ಲಿ ಮೂರು 68, ಅಂದರೆ 204 ಕಳೆದರೆ 3196. 25ರಿಂದ ಗುಣಿಸಬೇಕಾದಾಗ ನೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಬಹುದು.

ನನಗೆ ಅತ್ಯಂತ ಪ್ರಿಯವಾದದ್ದು ವರ್ಗದ ಉಪಾಯ. ಎರಡು ಸಂಖ್ಯೆಗಳು ಒಂದು ನಡುವಿನ ಸಂಖ್ಯೆಯಿಂದ ಸಮಾನ ದೂರದಲ್ಲಿದ್ದರೆ, ಆ ನಡುವಿನ ಸಂಖ್ಯೆಯ ವರ್ಗದಲ್ಲಿ ದೂರದ ವರ್ಗವನ್ನು ಕಳೆದರೆ ಅವುಗಳ ಗುಣಲಬ್ಧ ದೊರೆಯುತ್ತದೆ. 63 ಮತ್ತು 57 ಎರಡೂ 60ರಿಂದ ಮೂರು ದೂರದಲ್ಲಿರುವುದರಿಂದ 3600ರಲ್ಲಿ 9 ಕಳೆದು 3591 ಎನ್ನಬಹುದು. ಇದನ್ನೇ ತಿರುಗಿಸಿದರೆ ಯಾವ ವರ್ಗವಾದರೂ ಸುಲಭವಾಗುತ್ತದೆ: 47ರ ವರ್ಗಕ್ಕೆ ಮೂರು ಮೇಲಿನ 50, ಮೂರು ಕೆಳಗಿನ 44 ತೆಗೆದುಕೊಂಡು ಗುಣಿಸಿದರೆ 2200, ಅದಕ್ಕೆ 9 ಸೇರಿಸಿದರೆ 2209. ಐದರಲ್ಲಿ ಕೊನೆಯಾಗುವ ಸಂಖ್ಯೆಗಳ ವರ್ಗದ ಪ್ರಸಿದ್ಧ ಉಪಾಯವೂ ಇದರ ಮಗುವೇ. 75ಕ್ಕೆ ಐದು ಮೇಲಿನದು 80, ಐದು ಕೆಳಗಿನದು 70. ಅವುಗಳ ಗುಣಲಬ್ಧ 5600ಕ್ಕೆ 25 ಸೇರಿ 5625. ಕಾರಣ ತಿಳಿದ ಉಪಾಯ ಮರೆತರೂ ಮತ್ತೆ ಕಟ್ಟಿಕೊಳ್ಳಲು ಬರುತ್ತದೆ. ಆದ್ದರಿಂದ ಹತ್ತಾರು ಸೂತ್ರಗಳನ್ನು ಉರುಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಶೇಕಡಾ ಲೆಕ್ಕದಲ್ಲಿ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಬಹುದೆಂಬುದನ್ನು ನೆನಪಿಡಿ: 50ರ ಶೇ 18 ಎಂದರೂ 18ರ ಶೇ 50 ಎಂದರೂ ಉತ್ತರ 9.

ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಸಾಕು; ಆದರೆ ಮೊದಲ ವಾರಗಳಲ್ಲಿ ಗಡಿಯಾರ ನೋಡಬೇಡಿ. ಪ್ರತಿ ಉತ್ತರವನ್ನೂ ಒಂಬತ್ತರ ಪರೀಕ್ಷೆಗೆ ಒಡ್ಡಿರಿ. 68ರ ಅಂಕಿಗಳನ್ನು ಒಂದಂಕಿ ಬರುವವರೆಗೆ ಕೂಡುತ್ತ ಹೋದರೆ 5, 47ಕ್ಕೆ 2, ಅವುಗಳ ಗುಣಲಬ್ಧ 10ಕ್ಕೆ 1. ಉತ್ತರವಾದ 3196ರ ಅಂಕಿಗಳನ್ನು ಕೂಡಿದರೂ ಕೊನೆಗೆ 1 ಬರುತ್ತದೆ. ತಾಳೆಯಾಗದಿದ್ದರೆ ಲೆಕ್ಕ ಖಂಡಿತ ತಪ್ಪು. ತಾಳೆಯಾದರೂ 3916 ಎಂಬಂತೆ ಅಂಕಿಗಳು ಸ್ಥಾನಪಲ್ಲಟವಾದ ತಪ್ಪು ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕಾಗಿ 70ನ್ನು 50ರಿಂದ ಗುಣಿಸಿ, ಉತ್ತರ 3500ಕ್ಕಿಂತ ಕಡಿಮೆಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.