ಸಾರೋಟಿನ ಪದ್ಯವೂ ಒಂದು ಕ್ರಿಯಾಪದವೂ: ನನ್ನ ಅನುಭವ

ಸಾವು ಸೌಜನ್ಯದಿಂದ ಸಾರೋಟು ತಂದು ನಿಲ್ಲಿಸಿ, ಅಮರತ್ವವನ್ನೂ ಜೊತೆಗೆ ಕೂರಿಸಿಕೊಂಡು, ಒಬ್ಬಳನ್ನು ಸಮಾಧಿಯತ್ತ ಕರೆದೊಯ್ಯುವ, ಅಮೆರಿಕದ ಕವಿ ಎಮಿಲಿ ಡಿಕಿನ್ಸನ್‌ಳ ಪದ್ಯವನ್ನು ಶಿವಮೊಗ್ಗದ ಪದವಿ ವಿದ್ಯಾರ್ಥಿಗಳಿಗೆ ನಾನು ಹತ್ತು ಹನ್ನೆರಡು ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ಅವುಗಳಲ್ಲಿ ಮೊದಲ ಏಳೆಂಟು ವರ್ಷ ನಾನು ಮಾಡಿದ್ದು ಪಾಠವಲ್ಲ, ಉಕ್ತಲೇಖನ. "ವಸ್ತು ಬರೆಸಿ, ಅಲಂಕಾರಗಳ ಪಟ್ಟಿ ಕೊಡಿ, ಅಂಕ ಬಂದರೆ ಸಾಕು" ಎಂದು ನನ್ನ ಹೊಸ ಕ್ರಮವನ್ನು ನೋಡಿ ನಕ್ಕ ಸಹೋದ್ಯೋಗಿಗಳಲ್ಲಿ ಇಬ್ಬರು ಈ ಸಲ ತಾವಾಗಿಯೇ ನನ್ನ ಟಿಪ್ಪಣಿಗಳನ್ನು ಕೇಳಿ ಒಯ್ದಿದ್ದಾರೆ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸೋತದ್ದನ್ನು ಮೊದಲು ಹೇಳಬೇಕು. ಗೈಡುಗಳಿಗೆಂದು ಸುಮಾರು ಎರಡು ಸಾವಿರ ರೂಪಾಯಿ ಸುರಿದೆ. ಎಲ್ಲವೂ ಒಂದೇ ಪಟ್ಟಿಯನ್ನು ಬೇರೆ ಬೇರೆ ಅಕ್ಷರ ಗಾತ್ರದಲ್ಲಿ ಅಚ್ಚು ಹಾಕಿದ್ದವು. ಬಳಿಕ ಯಮನನ್ನು ಮುಂದಿಟ್ಟುಕೊಂಡು ವಿವರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು, ಏಕೆಂದರೆ ಕೋಣ ಮತ್ತು ಪಾಶ ತರಗತಿಯೊಳಗೆ ಬಂದ ಮೇಲೆ ಪದ್ಯದಲ್ಲಿರುವ ಸೌಜನ್ಯವಂತ ಗೃಹಸ್ಥನಿಗೆ ಕೂರಲು ಜಾಗವೇ ಉಳಿಯಲಿಲ್ಲ, ಅರ್ಧ ತರಗತಿ ಉತ್ತರಪತ್ರಿಕೆಯಲ್ಲಿ ನರಕದ ವರ್ಣನೆ ಬರೆಯಿತು.

ದಾರಿ ತೆರೆದದ್ದು ಕನ್ನಡ ವ್ಯಾಕರಣ. ಮೊದಲೆರಡು ಸಾಲುಗಳನ್ನು ಕನ್ನಡಕ್ಕೆ ತನ್ನಿ ಎಂದಾಗ ಎಲ್ಲರೂ "ಸಾವು ನನಗಾಗಿ ನಿಂತಿತು" ಎಂದೇ ಬರೆದರು. ಇಂಗ್ಲಿಷಿನ ಮೂಲದಲ್ಲಿ ಸಾವು ಗಂಡಸು. ನಮ್ಮಲ್ಲಿ ಅದು ನಪುಂಸಕಲಿಂಗ. ಕ್ರಿಯಾಪದದ ಕೊನೆಯೊಂದನ್ನೇ ಬದಲಿಸಿ ಎಂದೆ. ಹಲವರು "ನಿಂತ" ಎಂದರು. ಹೊಸನಗರದ ಕಡೆಯ ಹುಡುಗಿಯೊಬ್ಬಳು ಮಾತ್ರ "ನಿಂತರು" ಎಂದು ಬರೆದು, ಇವರು ಸಂಬಂಧ ನೋಡಲು ಬಂದವರ ಹಾಗಿದ್ದಾರೆ ಸರ್, ಜೊತೆಗೆ ಕೂತಿರುವ ಅಮರತ್ವ ಹುಡುಗಿಯ ಕಾವಲಿಗೆ ಕಳಿಸಿದ ಹಿರಿಯರಿರಬೇಕು, ಎಂದಳು. ಜೀವವಿಲ್ಲದ್ದನ್ನು ವ್ಯಕ್ತಿಯಂತೆ ಕಾಣಿಸುವ ಅಲಂಕಾರಕ್ಕಿರುವ ಚೇತನಾರೋಪ ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಉಚ್ಚರಿಸಿರಲಿಲ್ಲ, ಉಚ್ಚರಿಸುವ ಅಗತ್ಯವೂ ಬೀಳಲಿಲ್ಲ.

ಎರಡನೆಯ ಹೆಜ್ಜೆಗೆ ಪದ್ಯದ ಇತಿಹಾಸವೇ ನೆರವಾಯಿತು. 1886ರಲ್ಲಿ ಕವಿ ತೀರಿಕೊಂಡ ಬಳಿಕ 1890ರಲ್ಲಿ ಇದು ಮೊದಲು ಅಚ್ಚಾದಾಗ ಸಂಪಾದಕರು ಅದಕ್ಕೆ 'ರಥ' ಎಂಬರ್ಥದ ಶೀರ್ಷಿಕೆ ಕೊಟ್ಟು, ನಾಲ್ಕನೆಯ ಚರಣವನ್ನೇ ಕೈಬಿಟ್ಟು, ಶಾಲೆಯ ಬಿಡುವಿನಲ್ಲಿ ಸೆಣಸುತ್ತಿದ್ದ ಮಕ್ಕಳನ್ನು ಬರಿದೇ ಆಡುವ ಮಕ್ಕಳನ್ನಾಗಿ ಮಾಡಿದ್ದರು. 1955ರ ಥಾಮಸ್ ಜಾನ್ಸನ್ ಆವೃತ್ತಿಯಲ್ಲಿ ಮೂಲ ಪಾಠ ಮರಳಿತು. ನಾನು ಐದು ಚರಣದ ಹಳೆಯ ಪಾಠವನ್ನು ಮೊದಲು ಹಂಚಿ, ನೇಯ್ಗೆ ಎಲ್ಲಿ ಹರಿದಿದೆ ಎಂದು ಹುಡುಕಿಸುತ್ತೇನೆ. ಶಾಲೆ, ನೆಟ್ಟ ನೋಟದ ಪೈರು, ಮುಳುಗುವ ಸೂರ್ಯ, ಅಲ್ಲಿಂದ ನೇರ ಮಣ್ಣಿನ ಮನೆ. ನಡುವೆ ಚಳಿಯೇ ಇಲ್ಲ. ಮರುದಿನ, ನಾವು ಸೂರ್ಯನನ್ನು ದಾಟಿದೆವು ಎನ್ನುವುದಕ್ಕಿಂತ ಅವನೇ ನಮ್ಮನ್ನು ದಾಟಿ ಹೋದ ಎಂದು ತಿದ್ದಿಕೊಳ್ಳುವ, ಸಂಪಾದಕರು ಕೈಬಿಟ್ಟಿದ್ದ ಆ ಚರಣವನ್ನು ಕೊಟ್ಟಾಗ, ಚಲಿಸುತ್ತಿದ್ದವಳು ನಿಂತುಹೋಗಿದ್ದಾಳೆಂಬುದು ಹಿಂದಿನ ಬೆಂಚಿಗೂ ತಿಳಿಯುತ್ತದೆ. ಜೆರಾಕ್ಸಿಗೆ ತಲೆಗೆ ನಾಲ್ಕು ರೂಪಾಯಿ ತಗುಲಿತು, ಅಷ್ಟೆ.

ದುಬಾರಿಯಾದದ್ದು ಒಂದು ಅಡ್ಡಪ್ರಯೋಗ. ಪಯಣದ ರೂಪಕವನ್ನು ಮೈಗೇ ತಿಳಿಸೋಣವೆಂದು ಹದಿನಾಲ್ಕು ಮಂದಿಯನ್ನು ಟೆಂಪೋದಲ್ಲಿ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿಯ ದಾರಿಯಾಗಿ ಆಗುಂಬೆಯ ಸೂರ್ಯಾಸ್ತಕ್ಕೆ ಕರೆದೊಯ್ದೆ. ಬಾಡಿಗೆ, ಊಟ ಸೇರಿ ಆರು ಸಾವಿರದ ಮೇಲಾಯಿತು. ಅರ್ಧ ನನ್ನ ಜೇಬಿನದು. ಸೂರ್ಯ ಕಾಣಲೇ ಇಲ್ಲ, ಕಂಡದ್ದು ಮಂಜು ಮತ್ತು ಮಳೆ. ತೆಳು ಬಟ್ಟೆಯಲ್ಲಿ ಬಂದಿದ್ದವರು ನಡುಗಿದರು. ಅದೇ ನಾಲ್ಕನೆಯ ಚರಣದಲ್ಲಿ ಬರುವ ಜೇಡನೂಲಿನಂಥ ನಿಲುವಂಗಿಯ ಸಾಲು ಅವರಿಗೆ ಚೆನ್ನಾಗಿ ನೆನಪುಳಿಯಿತೆಂಬುದು ನಿಜವಾದರೂ, ಆ ಒಂದು ಸಾಲಿಗೆ ಆರು ಸಾವಿರ ಹೆಚ್ಚು; ಮತ್ತೆ ಹೋಗಲಿಲ್ಲ.

ನನಗೆ ಹೆಚ್ಚು ಕಲಿಸಿದ್ದು ಸಮಾಧಿಯ ಚರಣ. ನೆಲ ಉಬ್ಬಿದಂತೆ ಕಾಣುವ, ಸೂರು ಕಂಡೂ ಕಾಣದ ಮನೆ ಎಂದರೆ ಏನೆಂದು ಸುಡುವ ಪದ್ಧತಿಯ ಮನೆಗಳ ಮಕ್ಕಳಿಗೆ ಹೊಳೆಯುತ್ತಿರಲಿಲ್ಲ. ಕೆಲವರು ಗುಡಿಸಲು ಎಂದರು, ಒಬ್ಬ ಹುತ್ತ ಎಂದ. ಹೂಳುವ ಪದ್ಧತಿಯ ಲಿಂಗಾಯತ, ಕ್ರೈಸ್ತ, ಮುಸ್ಲಿಂ ಮನೆಗಳ ಮಕ್ಕಳು ತಕ್ಷಣ ಹಿಡಿದರು. ಈಗ ಆ ಚರಣವನ್ನು ನಾನು ವಿವರಿಸುವುದಿಲ್ಲ, ಅವರಿಂದಲೇ ಹೇಳಿಸುತ್ತೇನೆ. "ಮಣ್ಣು ಮಾಡುವುದು" ಎಂಬ ನಮ್ಮ ಮಾತು ಆಗ ತಾನಾಗಿ ಬರುತ್ತದೆ. ಅಮಂಗಳ ಮಾತೆಂದು ಹೆತ್ತವರೊಬ್ಬರು ದೂರಿದ್ದೂ ಉಂಟು.

ಮೂರನೆಯ ದಿನ, ಕೊನೆಯ ಚರಣದ ಕುದುರೆಗಳ ತಲೆಗಳನ್ನು ಕುರಿತು ನಾನೊಂದು ಪ್ರಶ್ನೆ ಕೇಳುತ್ತೇನೆ; ಮೊದಲೇ ತಿಳಿದವರ ಮೇಲೆ ಅದು ಕೆಲಸ ಮಾಡುವುದಿಲ್ಲವಾದ್ದರಿಂದ ಇಲ್ಲಿ ಬರೆಯಲಾರೆ. ಈ ಸಲ ನಲವತ್ತರ ಆಸುಪಾಸಿನ ತರಗತಿಯಲ್ಲಿ ಇಪ್ಪತ್ತೇಳೋ ಇಪ್ಪತ್ತೆಂಟೋ ಮಂದಿ ಗೈಡಿನಲ್ಲಿಲ್ಲದ ವಾಕ್ಯಗಳನ್ನು ಬರೆದರು. ಹಿಂದೆ ಅಂಥವರು ಮೂವರು ಸಿಕ್ಕರೆ ಹೆಚ್ಚಾಗಿತ್ತು. "ನಿಂತರು" ಎಂದವಳ ಹಾಳೆಯನ್ನು ನಾನು ಹಿಂತಿರುಗಿಸಲಿಲ್ಲ. ಕೇಳಿ ಪಡೆದು ನನ್ನ ಪಾಠದ ಪುಸ್ತಕದಲ್ಲಿಯೇ ಇರಿಸಿಕೊಂಡಿದ್ದೇನೆ.